ಎರಡು ಅಳಿವೆಗಳು, ಒಂದು ಉಪ್ಪಿನ ಲೆಕ್ಕ

ಕುಮಟಾ ತಾಲ್ಲೂಕಿನ ತದಡಿಯಿಂದ ಹೊನ್ನಾವರದ ಕಾಸರಕೋಡಿನವರೆಗೆ ಕಡಲ ದಂಡೆಯ ಗುಂಟ ಅಳೆದರೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನ ಅಂತರವಿದ್ದೀತು. ಆ ಅಲ್ಪಾವಕಾಶದೊಳಗೆ ಸಹ್ಯಾದ್ರಿಯ ಎರಡು ನದಿಗಳು ಅರಬ್ಬೀ ಸಮುದ್ರವನ್ನು ಸೇರುತ್ತವೆ: ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಮಿರ್ಜಾನದ ಬದಿಯಿಂದ ಹಾದು ತದಡಿಯ ಬಳಿ ಕಡಲಾಗುವ ಅಘನಾಶಿನಿ ಒಂದು, ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಉದಿಸಿ, ಜೋಗದಲ್ಲಿ 253 ಮೀಟರು ಕೆಳಗೆ ಬಿದ್ದು, ಗೇರುಸೊಪ್ಪೆಯ ಕಣಿವೆಯನ್ನು ಬಳಸಿ ಹೊನ್ನಾವರದಲ್ಲಿ ಕೊನೆಗಾಣುವ ಶರಾವತಿ ಇನ್ನೊಂದು. ಎರಡಕ್ಕೂ ಮಳೆ ತರುವ ಮೋಡ ಒಂದೆ, ತೊಳೆದುತರುವ ಮಣ್ಣು ಹೆಚ್ಚುಕಡಿಮೆ ಒಂದೆ, ಸೇರುವ ಕಡಲು ಒಂದೆ. ಭೇದವೆಂದರೆ ಇಷ್ಟು: ಶರಾವತಿಗೆ ಅಣೆಕಟ್ಟುಗಳಿವೆ, ಅಘನಾಶಿನಿಗೆ ಇಲ್ಲ. ಒಂದು ಕಾರಣವನ್ನು ಮಾತ್ರ ಬದಲಿಸಿ ಉಳಿದುದೆಲ್ಲವನ್ನೂ ಸಮವಾಗಿ ಇರಿಸಿ ಪರಿಣಾಮವನ್ನು ನೋಡಬೇಕೆಂಬುದು ಪ್ರಯೋಗಶಾಸ್ತ್ರದ ಪ್ರಥಮ ನಿಯಮವಷ್ಟೆ. ನದಿಗಳ ವಿಷಯದಲ್ಲಿ ಅಂಥ ಪ್ರಯೋಗವನ್ನು ಯಾವ ವಿಜ್ಞಾನಿಯೂ ಯೋಜಿಸಲಾರನು. ಉತ್ತರ ಕನ್ನಡದಲ್ಲಿ ಅದು ಯಾರ ಯೋಜನೆಯೂ ಇಲ್ಲದೆಯೆ ಅರುವತ್ತು ವರುಷಗಳಿಂದ ನಡೆದುಬಂದಿದೆ.

ಆ ಪ್ರಯೋಗದ ಫಲವನ್ನು ಓದಬೇಕಾದರೆ ಅಳಿವೆಯೆಂಬುದರ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮಳೆಯ ನೀರಿನಲ್ಲಿ ಇಲ್ಲವೆಂದರೂ ಸಲ್ಲುವುದು. ಈ ಎರಡು ನೀರುಗಳು ಬೆರೆಯುವ ತಾಣವಾದ ಅಳಿವೆಯಲ್ಲಿ ಉಪ್ಪಿನ ಪ್ರಮಾಣವು ಯಾವ ದಿನವೂ ಒಂದೇ ಅಂಕೆಯಲ್ಲಿ ನಿಲ್ಲುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಹೊಳೆ ಕೆಂಪಾಗಿ ಮೈದುಂಬಿ ಬಂದಾಗ ಕಡಲ ಬಾಯಿಯವರೆಗೂ ಸಿಹಿನೀರು ಚಾಚುತ್ತದೆ; ಮಾಘ ಕಳೆದು ಹೊಳೆ ಸೊರಗಿದಂತೆ ಉಬ್ಬರದ ನೀರು ದಿನಕ್ಕೆ ಎರಡು ಬಾರಿ ಒಳನಾಡಿನತ್ತ ಏರುತ್ತ, ಚೈತ್ರ ವೈಶಾಖಗಳ ಹೊತ್ತಿಗೆ ಹತ್ತಾರು ಕಿಲೋಮೀಟರು ಮೇಲಿನವರ ಬಾವಿಗಳಿಗೂ ತನ್ನ ರುಚಿಯನ್ನು ಮುಟ್ಟಿಸುತ್ತದೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳು ನಡೆಯುವುದು ಈ ಬೇಸಗೆಯ ಏರಿಕೆಯನ್ನು ನೆಚ್ಚಿಯೆ. ಅಳಿವೆಯಲ್ಲಿ ವಾಸಿಸುವ ಪ್ರಾಣಿಗಳೂ ಸಸ್ಯಗಳೂ ಹೊಂದಿಕೊಂಡಿರುವುದು ಉಪ್ಪಿನ ಒಂದು ನಿಶ್ಚಿತ ಮಟ್ಟಕ್ಕಲ್ಲ, ಅದರ ಏರಿಳಿತದ ಕ್ರಮಕ್ಕೆ. ಸಿಹಿಯಾಗಬೇಕಾದ ಕಾಲದಲ್ಲಿ ಸಿಹಿಯೂ ಉಪ್ಪಾಗಬೇಕಾದ ಕಾಲದಲ್ಲಿ ಉಪ್ಪೂ ಬರುತ್ತಿದ್ದರೆ ಅವುಗಳ ಹುಟ್ಟು, ಬೆಳವಣಿಗೆ, ಸಂತಾನವೆಲ್ಲವೂ ತಪ್ಪದೆ ಸಾಗುತ್ತವೆ. ಕ್ರಮ ತಪ್ಪಿದರೆ, ನೀರಿನ ಒಟ್ಟು ಮೊತ್ತದಲ್ಲಿ ಒಂದು ಕೊಡವೂ ಕಡಮೆಯಾಗದಿದ್ದರೂ, ಅವು ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತವೆ.

ಶರಾವತಿಯಲ್ಲಿ ತಪ್ಪಿದುದು ಈ ಕ್ರಮವೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಜೋಗದ ವಿದ್ಯುದಾಗಾರವೂ 1948ರಲ್ಲಿ ಕೆಲಸಕ್ಕೆ ಬಂದವು. 1964ರಲ್ಲಿ ಲಿಂಗನಮಕ್ಕಿಯ ಮಹಾ ಜಲಾಶಯ ಸಿದ್ಧವಾಗಿ ಹಳೆಯ ಅಣೆಕಟ್ಟೇ ಅದರೊಳಗೆ ಮುಳುಗಿತು. ಅದರ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಬೆಳೆದು ನಿಂತಿತು. ಶತಮಾನದ ತಿರುವಿನಲ್ಲಿ ಗೇರುಸೊಪ್ಪೆಯ ಅಣೆಕಟ್ಟು ಕಟ್ಟಲ್ಪಟ್ಟು 240 ಮೆಗಾವಾಟ್ ಮತ್ತೆ ಸೇರಿತು. ಈ ಕಾರ್ಯದ ಮಹತ್ತ್ವವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಕನ್ನಡನಾಡಿನ ಎಷ್ಟೋ ಊರುಗಳ ದೀಪಗಳೂ ಗಿರಣಿಗಳೂ ಬಹುಕಾಲ ಶರಾವತಿಯ ಋಣದಲ್ಲಿಯೆ ಬಾಳಿದುವು. ಆದರೆ ವಿದ್ಯುತ್ತು ಬೇಸಗೆಯಲ್ಲಿಯೂ ಬೇಕು. ಆದಕಾರಣ ಮಳೆಗಾಲದಲ್ಲಿ ಕೂಡಿಟ್ಟ ನೀರನ್ನು ಯಂತ್ರಗಳ ಮೂಲಕ ವರ್ಷದ ಹನ್ನೆರಡು ತಿಂಗಳೂ ಕೆಳಕ್ಕೆ ಬಿಡಬೇಕಾಯಿತು. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಬಡಕಲಾಗಿ ಹರಿಯಬೇಕಾಗಿದ್ದ ಹೊಳೆ ಸಿಹಿನೀರನ್ನು ಹೊತ್ತು ಹೊನ್ನಾವರಕ್ಕೆ ಇಳಿಯತೊಡಗಿತು. ಕಡಲ ಉಬ್ಬರ ಮೇಲೇರುವ ಬಲ ಕುಂದಿತು. ಬೇಸಗೆಯಲ್ಲಿ ಸಿಹಿನೀರು ಸಿಕ್ಕಿತೆಂದರೆ ಸಂತೋಷಪಡಬೇಕಾದುದೇ ನ್ಯಾಯವೆಂದು ಒಳನಾಡಿನವನಿಗೆ ತೋರಬಹುದು. ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವವಳಿಗೆ ಹಾಗೆ ತೋರುವುದಿಲ್ಲ.

ಬಳಚೆಂದರೆ ಎರಡು ಚಿಪ್ಪುಗಳ ನಡುವೆ ಬದುಕುವ, ಮರಳುಗೆಸರಿನಲ್ಲಿ ಹುದುಗಿರುವ ಮೃದ್ವಂಗಿ. ಇಳಿತದ ಸಮಯದಲ್ಲಿ ಸೊಂಟದ ನೀರಿಗಿಳಿದು, ಕಾಲಬೆರಳುಗಳಿಂದ ತಡಕಿ, ಬುಟ್ಟಿಗೆ ತುಂಬಿಕೊಳ್ಳುವ ಈ ಕೆಲಸದಲ್ಲಿ ಹೆಂಗಸರ ಪಾಲು ಹಿರಿದು. ಬಲೆ, ದೋಣಿ, ಬಂಡವಾಳ ಯಾವುದೂ ಇಲ್ಲದವರಿಗೂ ಅಳಿವೆ ತೆರೆದಿಟ್ಟಿರುವ ಜೀವನೋಪಾಯವಿದು. ಉಪ್ಪನ್ನು ಬಯಸುವ ಬಳಚಿನ ಜಾತಿಗಳು ಶರಾವತಿಯ ಅಳಿವೆಯಿಂದ ಬಹುಮಟ್ಟಿಗೆ ಮರೆಯಾಗಿ, ಕಡಮೆ ಲವಣದಲ್ಲಿಯೂ ಬಾಳಬಲ್ಲ ವಿಲ್ಲೊರಿಟಾದಂಥದು ಮಾತ್ರ ಉಳಿಯಿತೆಂಬುದನ್ನು ಪರಿಶೀಲಕರು ಕಂಡುಕೊಂಡರು. ಅಳಿವೆಯ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿಯೂ ಇದೇ ಮಾರ್ಪಾಡು: ಉಪ್ಪನ್ನು ಹೆಚ್ಚು ಸಹಿಸುವ ಜಾತಿಗಳಿಗಿಂತ ಸಿಹಿನೀರಿನ ಕಡೆಗೆ ಒಲವುಳ್ಳ ಜಾತಿಗಳೆ ಶರಾವತಿಯ ದಡಗಳಲ್ಲಿ ಮೇಲುಗೈ ಪಡೆದಿವೆ. ಮೀನಿನ ವೈವಿಧ್ಯವೂ ಅಘನಾಶಿನಿಗೆ ಹೋಲಿಸಿದರೆ ಇಳಿಮುಖ. ಹೊಳೆ ಒಣಗಿದ್ದರೆ ನಾಡೆಲ್ಲ ಗಮನಿಸುತ್ತಿತ್ತು. ಹೊಳೆ ತುಂಬಿಯೇ ಇದ್ದು ಅದರ ರುಚಿ ಮಾತ್ರ ಬದಲಾದಾಗ, ಅಣೆಕಟ್ಟಿನ ಲಾಭನಷ್ಟದ ಪುಸ್ತಕದಲ್ಲಿ ಅದನ್ನು ಬರೆಯಲು ಒಂದು ಅಂಕಣವೂ ಇರಲಿಲ್ಲ.

ಮುಳುಗಡೆಯಾದ ಊರುಗಳಿಗೆ, ಸಾಲದೆಯೋ ಸಾಕಾಗಿಯೋ, ಪರಿಹಾರವೆಂಬ ಒಂದು ಶಬ್ದವಾದರೂ ಇತ್ತು. ಅಣೆಕಟ್ಟಿನಿಂದ ಎಷ್ಟೋ ದೂರ ಕೆಳಗೆ, ಮುಳುಗದ ಮನೆಗಳಲ್ಲಿದ್ದುಕೊಂಡೇ ಬುಟ್ಟಿಯನ್ನು ಕಳೆದುಕೊಂಡವರಿಗೆ ಆ ಶಬ್ದವೂ ಇರಲಿಲ್ಲ. ಕಾಸರಕೋಡಿನ ಸ್ನೇಹಕುಂಜವನ್ನು ಸ್ಥಾಪಿಸಿದ ಡಾ. ಕುಸುಮಾ ಸೊರಬ ಅವರು ಗೇರುಸೊಪ್ಪೆಯ ಯೋಜನೆಯನ್ನು ವಿರೋಧಿಸಿ ಜನರನ್ನು ಸಂಘಟಿಸಿದುದು ಇಲ್ಲಿಯ ಹಿರಿಯರ ನೆನಪಿನಲ್ಲಿದೆ. ವೈದ್ಯೆಯೊಬ್ಬರು ನದಿಯ ಆರೋಗ್ಯವನ್ನೂ ತಮ್ಮ ಕಾರ್ಯಕ್ಷೇತ್ರಕ್ಕೆ ಸೇರಿಸಿಕೊಂಡುದು ಆಗ ಕೆಲವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಯೋಜನೆ ನಿಲ್ಲಲಿಲ್ಲ.

ಅಘನಾಶಿನಿಯ ಕತೆ ಬೇರೆ ದಾರಿ ಹಿಡಿಯಿತು. ತದಡಿಯಲ್ಲಿ 4,000 ಮೆಗಾವಾಟಿನ ಬೃಹತ್ ಕಲ್ಲಿದ್ದಲಿನ ಸ್ಥಾವರವೊಂದು ಬರಬೇಕೆಂಬ ಪ್ರಸ್ತಾಪ ಈ ಶತಮಾನದ ಮೊದಲ ದಶಕದಲ್ಲಿ ಎದ್ದಿತು. ಪ್ರಸ್ತಾಪವನ್ನು ಮುಂದಿಟ್ಟವರ ಕಣ್ಣಿಗೆ ಅಳಿವೆಯ ವಿಶಾಲವಾದ ಕೆಸರುಬಯಲು ಬರಿದಾದ ಭೂಮಿ. ಅಂಥ ಭೂಮಿಗೆ ಬೆಲೆ ಕಟ್ಟುವ ಕೆಲಸವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಕೈಗೊಂಡರು. ಎಂ. ಬೂಮಿನಾಥನ್, ಎಂ. ಡಿ. ಸುಭಾಷ್ ಚಂದ್ರನ್, ಟಿ. ವಿ. ರಾಮಚಂದ್ರ ಇವರು 2008ರಲ್ಲಿ ಹೊರತಂದ ವರದಿಯ ವಿಷಯ ಯುದ್ಧವೂ ಅಲ್ಲ, ರಾಜಕಾರಣವೂ ಅಲ್ಲ, ಬಳಚು. ಅಘನಾಶಿನಿಯ ಅಳಿವೆಯಿಂದ ವರ್ಷವೊಂದಕ್ಕೆ ಸುಮಾರು 22,000 ಟನ್ ಚಿಪ್ಪಿನ ಜೀವಿಗಳನ್ನು ಜನ ಹೆಕ್ಕುತ್ತಾರೆ, ಅದರ ಮೌಲ್ಯ ಸುಮಾರು 5.78 ಕೋಟಿ ರೂಪಾಯಿ, ನೇರವಾಗಿ ಅದರಿಂದ ದುಡಿದು ಉಣ್ಣುವವರು 2,300ಕ್ಕೂ ಮೇಲ್ಪಟ್ಟವರು ಎಂದು ಅವರು ಲೆಕ್ಕ ಹಾಕಿದರು. ದಡದ ಊರೂರಿಗೆ ಹೋಗಿ, ದೋಣಿಗಳನ್ನೂ ಬುಟ್ಟಿಗಳನ್ನೂ ಎಣಿಸಿ, ಯಾವ ಋತುವಿನಲ್ಲಿ ಯಾರು ಎಷ್ಟು ತರುತ್ತಾರೆಂದು ಕೇಳಿ ಬರೆದುಕೊಂಡ ಈ ಬಗೆಯ ಕೆಲಸಕ್ಕೆ ಸೂಕ್ಷ್ಮದರ್ಶಕಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಅಂಕೆಗಳನ್ನು ಓದುವವರು ಒಂದು ಭಾಗಾಕಾರವನ್ನೂ ಮಾಡಿ ನೋಡಬೇಕು. 5.78 ಕೋಟಿ ರೂಪಾಯಿಯನ್ನು 22,000 ಟನ್ನಿಗೆ ಹಂಚಿದರೆ ಕಿಲೋಗ್ರಾಮಿಗೆ ಬರುವುದು ಎರಡೂವರೆ ರೂಪಾಯಿಗಿಂತ ತುಸು ಹೆಚ್ಚು. ಚಿಪ್ಪಿನ ಭಾರ ಸೇರಿದ ತೂಕವಿದೆಂಬುದನ್ನು ಒಪ್ಪಿದರೂ, ಇಷ್ಟು ಅಗ್ಗವಾಗಿ ಇಷ್ಟು ಪೌಷ್ಟಿಕವಾದ ಆಹಾರವನ್ನು ಬಡವನ ಅಡಿಗೆಮನೆಗೆ ಮುಟ್ಟಿಸುವ ವ್ಯವಸ್ಥೆ ನಮ್ಮ ಯಾವ ಇಲಾಖೆಯ ಹತ್ತಿರವೂ ಇಲ್ಲ. ಮಾರುಕಟ್ಟೆಯ ಬೆಲೆಯನ್ನೇ ಮೌಲ್ಯವೆಂದು ತಿಳಿದರೆ ಆ ವರದಿಯ ಅತ್ಯಂತ ಮುಖ್ಯವಾದ ಮಾತು ತಪ್ಪಿಹೋಗುತ್ತದೆ: ಬಳಚಿಗೆ ಬೇಸಾಯದ ಖರ್ಚಿಲ್ಲ, ಗೊಬ್ಬರವಿಲ್ಲ, ಬಡ್ಡಿಯ ಸಾಲವಿಲ್ಲ, ಅದಕ್ಕೆ ಬೇಕಾದುದು ಕಾಲಕ್ಕೆ ಸರಿಯಾಗಿ ಬರುವ ಉಪ್ಪುನೀರು, ಕಾಲಕ್ಕೆ ಸರಿಯಾಗಿ ಬರುವ ಸಿಹಿನೀರು. ಪಕ್ಕದ ಶರಾವತಿಯಲ್ಲಿ ಏನಾಯಿತೆಂಬುದು ಕಣ್ಣೆದುರಿಗೇ ಇದ್ದುದರಿಂದ ಈ ಮಾತನ್ನು ಊಹೆಯೆಂದು ತಳ್ಳಿಹಾಕುವುದಕ್ಕೆ ಯಾರಿಗೂ ಅವಕಾಶವಿರಲಿಲ್ಲ. ತದಡಿಯ ಸ್ಥಾವರ ಕೈಬಿಟ್ಟುಹೋದುದಕ್ಕೆ ಜನರ ಒಗ್ಗಟ್ಟಿನ ವಿರೋಧವೇ ಪ್ರಧಾನ ಕಾರಣವೆಂಬುದು ನಿಜ. ಆದರೂ ವಿರೋಧಿಸಿದವರ ಕೈಯಲ್ಲಿ ಇಂಥ ಒಂದು ಜಮಾಖರ್ಚಿನ ಪುಸ್ತಕವಿದ್ದುದು ಅವರ ದನಿಗೆ ತೂಕ ಕೊಟ್ಟಿತೆಂದು ನನಗನಿಸುತ್ತದೆ.

ಇಲ್ಲಿ ಸಂಶೋಧಕರ ವಾಸಸ್ಥಾನದ ವಿಷಯವಾಗಿ ಒಂದು ಮಾತು ಹೇಳತಕ್ಕದ್ದಿದೆ. ವಿಜ್ಞಾನ ಸಂಸ್ಥೆಯ ಈ ಕೇಂದ್ರಕ್ಕೆ ಕುಮಟೆಯಲ್ಲಿಯೇ ಒಂದು ಕ್ಷೇತ್ರಕಾರ್ಯಾಲಯವಿದೆ. ಸುಭಾಷ್ ಚಂದ್ರನ್ ಅವರು ಕುಮಟೆಯ ಡಾ. ಎ. ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಉತ್ತರ ಕನ್ನಡದ ಕಾನುಗಳ ಚರಿತ್ರೆಯನ್ನು ಮಾಧವ ಗಾಡ್ಗೀಳರೊಡನೆ ಸೇರಿ ಅವರು ಬರೆದ ಪ್ರಬಂಧಗಳನ್ನು ಓದಿದವರಿಗೆ, ಅವು ಕಾಡಿನಲ್ಲಿ ವರ್ಷಾನುಗಟ್ಟಲೆ ತಿರುಗಿದವರ ಬರಹವೆಂಬುದು ಕೂಡಲೇ ಗೊತ್ತಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಕಂಪನಿಯ ವೈದ್ಯ 1801ರಲ್ಲಿ ಈ ದಾರಿಯಾಗಿ ಹೋಗುತ್ತ ಕಂಡುದನ್ನೆಲ್ಲ ಬರೆದಿಟ್ಟನು. ಅವನ ಬರಹ ಉಪಯುಕ್ತವಾದರೂ ಅವನು ದಾರಿಹೋಕ. ಅಳಿವೆಯ ಲೆಕ್ಕವು ದಾರಿಹೋಕರಿಂದ ಆಗತಕ್ಕದ್ದಲ್ಲ. ನಮ್ಮ ಪರಿಸರ ಪರಿಣಾಮದ ಅಧ್ಯಯನಗಳಲ್ಲಿ ಅನೇಕ ಬಗೆಯ ಯೋಜನೆಗಳಿಗೆ ಮಳೆಗಾಲವನ್ನುಳಿದು ಯಾವುದಾದರೊಂದು ಋತುವಿನ ಮಾಹಿತಿ ಸಾಕೆಂಬ ಪದ್ಧತಿ ಬೇರೂರಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದುಹೋಗುವ ಕರಾವಳಿಯಲ್ಲಿ ಮಳೆಗಾಲವನ್ನು ಬಿಟ್ಟು ನದಿಯನ್ನು ಅಭ್ಯಸಿಸುವುದಾದರೆ, ಅದಕ್ಕೆ ಅಧ್ಯಯನವೆಂಬ ಹೆಸರು ಸಲ್ಲದು.

ಉಪ್ಪಿನ ಇದೇ ಕ್ರಮವನ್ನು ನೆಚ್ಚಿದ ಗಜನಿ ಗದ್ದೆಗಳ ಪ್ರಕರಣವು ಇನ್ನೊಂದು ತರದ್ದು. ಅಳಿವೆಯ ಅಂಚಿನ ತಗ್ಗುಭೂಮಿಗೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಭತ್ತ ಬಿತ್ತಿ, ಕೊಯ್ಲಿನ ತರುವಾಯ ತೂಬು ತೆರೆದು ಉಬ್ಬರದ ನೀರನ್ನು ಒಳಬಿಟ್ಟು ಶೆಟ್ಲಿಯನ್ನೂ (ಸೀಗಡಿ) ಮೀನನ್ನೂ ಹಿಡಿಯುವ ಕ್ರಮವು ಕುಮಟೆಯ ಕಡೆಯಲ್ಲಿ ಬಹು ಪುರಾತನವಾದುದು. ಮಾಣಿಕಟ್ಟೆಯಂಥ ಊರುಗಳಲ್ಲಿ ಈ ಗಜನಿಗೆ ಬಿತ್ತುತ್ತಿದ್ದುದು ಕಗ್ಗವೆಂಬ ಭತ್ತ. ಕರಿಕಗ್ಗ, ಬಿಳಿಕಗ್ಗಗಳೆಂದು ಅದರಲ್ಲಿ ಭೇದ. ಉಪ್ಪನ್ನೂ ನೆರೆಯನ್ನೂ ಸಹಿಸಿ ಆಳೆತ್ತರಕ್ಕೆ ಬೆಳೆಯುವ, ಗೊಬ್ಬರ ಔಷಧಗಳನ್ನು ಕೇಳದ ಈ ಜಾತಿಯ ಬಂಧುಗಳು ಗೋವೆಯಲ್ಲಿ ಕೊರ್ಗುಟ್ ಎಂದೂ ಕೇರಳದಲ್ಲಿ ಪೊಕ್ಕಾಳಿಯೆಂದೂ ಬೆಳೆಯುತ್ತವೆ. ಕೊಯ್ದ ಮೇಲಿನ ಕೂಳೆ ನೀರಿನಲ್ಲಿ ಕೊಳೆತು ಶೆಟ್ಲಿಗೆ ಆಹಾರವಾಗುತ್ತದೆ. ಶೆಟ್ಲಿ, ಮೀನು, ಹಕ್ಕಿಗಳು ಬಿಟ್ಟುಹೋದುದು ಮುಂದಿನ ಭತ್ತಕ್ಕೆ ಗೊಬ್ಬರ. ಒಡ್ಡಿನ ದುರಸ್ತಿ ಊರವರೆಲ್ಲರ ಹೊಣೆ.

ಎಪ್ಪತ್ತರ ದಶಕದಲ್ಲಿ ಸರಕಾರವು ಖಾರ್‌ಲ್ಯಾಂಡ್ ಯೋಜನೆಯಡಿ ಕಲ್ಲಿನ ಶಾಶ್ವತ ಒಡ್ಡುಗಳನ್ನು ಕಟ್ಟಿಸಿಕೊಟ್ಟಿತು. ಉದ್ದೇಶ ಒಳ್ಳೆಯದೇ, ಮಣ್ಣಿನ ಒಡ್ಡು ವರ್ಷವರ್ಷವೂ ಒಡೆಯುತ್ತಿತ್ತಷ್ಟೆ. ಆದರೆ ಒಡ್ಡು ಗಟ್ಟಿಯಾದ ಮೇಲೆ ಅದನ್ನು ಕಾಯಲು ಊರು ಒಟ್ಟಾಗಬೇಕಾದ ಅಗತ್ಯ ತಪ್ಪಿತು, ಗಟ್ಟಿ ಒಡ್ಡಿನೊಳಗಿನ ನೀರು ಶೆಟ್ಲಿಯ ವ್ಯಾಪಾರಿಗಳ ಕಣ್ಣಿಗೆ ಬಿತ್ತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಭತ್ತವನ್ನು ಬದಿಗೊತ್ತಿ ಸೀಗಡಿ ಕೃಷಿ ಹಬ್ಬಿತು. ಒಳಗಿನ ಕಾಂಡ್ಲಾ ಕಡಿಯಲ್ಪಟ್ಟಿತು. ಬಿಳಿಚುಕ್ಕೆ ರೋಗ ಬಂದು ಕೆರೆಗಳನ್ನು ಬರಿದುಮಾಡಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಕೈಗಾರಿಕಾ ಪ್ರಮಾಣದ ಸೀಗಡಿ ಕೆರೆಗಳನ್ನು ನಿಷೇಧಿಸಿತು. ಅಷ್ಟರಲ್ಲಿ ಕಗ್ಗದ ಬೀಜವನ್ನು ಕಾಪಾಡಿಕೊಂಡು ಬಂದಿದ್ದ ಮನೆಗಳು ವಿರಳವಾಗಿದ್ದುವು. ಇಂದು ಲವಣವನ್ನು ತಾಳುವ ಭತ್ತದ ತಳಿಗಾಗಿ ಪ್ರಪಂಚದ ಸಂಶೋಧನಾಲಯಗಳು ದುಡಿಯುತ್ತಿವೆ, ಏಕೆಂದರೆ ಕಡಲಿನ ಮಟ್ಟ ಏರುತ್ತಿದೆ. ಆ ಗುಣವನ್ನು ಶತಮಾನಗಳ ಹಿಂದೆಯೇ ಆರಿಸಿ ತೆಗೆದಿಟ್ಟಿದ್ದ ಗಜನಿಯ ರೈತನಿಗೆ ಅದಕ್ಕಾಗಿ ಯಾವ ಪ್ರಶಸ್ತಿಪತ್ರವೂ ಬರಲಿಲ್ಲ.

ಅಳಿವೆಗೆ ಬರುವ ಸಿಹಿನೀರು ಘಟ್ಟದಿಂದ ತಾನೆ ಬರಬೇಕು. ಆದುದರಿಂದ ಉಪ್ಪಿನ ಲೆಕ್ಕವನ್ನು ಮೇಲ್ಮುಖವಾಗಿ ಬೆನ್ನಟ್ಟಿದರೆ ಕಾಡನ್ನು ಮುಟ್ಟುತ್ತೇವೆ. ಕಾಡಿದ್ದರೆ ಹೊಳೆ ಬತ್ತದು ಎಂಬುದನ್ನು ಹಳ್ಳಿಯಲ್ಲಿ ಎಲ್ಲರೂ ಬಲ್ಲರು. ಎಂಥ ಕಾಡು, ಎಷ್ಟು ಕಾಡು ಎಂಬ ಪ್ರಶ್ನೆಗೆ ಮಾತ್ರ ಅಳತೆಯಿಲ್ಲದೆ ಉತ್ತರವಿಲ್ಲ. ಹೊನ್ನಾವರ ತಾಲ್ಲೂಕಿನ ಅರೇಅಂಗಡಿಯ ಸುತ್ತಮುತ್ತ ಮೈಕ್ ಬೊನೆಲ್, ಜಗದೀಶ್ ಕೃಷ್ಣಸ್ವಾಮಿ, ಬಿ. ವೆಂಕಟೇಶ್, ಶರಚ್ಚಂದ್ರ ಲೇಲೆ ಮೊದಲಾದ ಜಲವಿಜ್ಞಾನಿಗಳೂ ಪರಿಸರ ವಿಜ್ಞಾನಿಗಳೂ ಮಾಡಿದ ಕೆಲಸವು ಈ ದೃಷ್ಟಿಯಿಂದ ಮಾದರಿಯಾದುದು. ಸಹಜಾರಣ್ಯದಿಂದ ಮುಚ್ಚಿದ ಒಂದು ಪುಟ್ಟ ಜಲಾನಯನ, ಕಡಿದು ಮೇಯಿಸಿ ಬೋಳಾದ ಇನ್ನೊಂದು, ಅಂಥ ಬೋಳುಗುಡ್ಡದ ಮೇಲೆ ಅರಣ್ಯ ಇಲಾಖೆ ಅಕೇಶಿಯಾ ನೆಟ್ಟು ಬೆಳೆಸಿದ ಮತ್ತೊಂದು, ಹೀಗೆ ಮೂರು ಬಗೆಯ ಹಳ್ಳಗಳ ಬಾಯಿಗೆ ಅಳತೆಯ ಕಟ್ಟೆ ಕಟ್ಟಿ, ಬಿದ್ದ ಮಳೆಯೆಷ್ಟು, ಹರಿದ ನೀರೆಷ್ಟು, ಮಣ್ಣು ಗಂಟೆಗೆ ಎಷ್ಟು ನೀರನ್ನು ಹೀರಬಲ್ಲುದು ಎಂಬುದನ್ನು ಅವರು ಅಳೆದರು. ಎರಡು ನದಿಗಳ ನಡುವೆ ತಾನಾಗಿ ನಡೆದ ಹೋಲಿಕೆಯನ್ನು ಇಲ್ಲಿ ಮೂರು ಗುಡ್ಡಗಳ ನಡುವೆ ಬುದ್ಧಿಪೂರ್ವಕವಾಗಿ ನಡೆಸಿದರೆನ್ನಬಹುದು.

ಬೋಳುಗುಡ್ಡದ ಮಣ್ಣು ದನಗಳ ಗೊರಸಿಗೂ ಬಿಸಿಲಿಗೂ ಸಿಕ್ಕಿ ಬಿಗಿದುಹೋಗಿರುವುದರಿಂದ, ಜಡಿಮಳೆ ಬಂದಾಗ ನೀರು ಇಂಗದೆ ಮೇಲ್ಮೈಯಲ್ಲೇ ಓಡಿ ಹಳ್ಳಕ್ಕೆ ಬೀಳುತ್ತದೆ. ಸಹಜಾರಣ್ಯದ ನೆಲ ಅದೇ ಮಳೆಯನ್ನು ಒಳಕ್ಕೆಳೆದುಕೊಂಡು, ತನ್ನ ಪಾಲನ್ನು ಎಲೆಗಳ ಮೂಲಕ ಆಕಾಶಕ್ಕೆ ಹಿಂದಿರುಗಿಸಿ, ಮಿಕ್ಕುದನ್ನು ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತದೆ. ಅಕೇಶಿಯಾದ ನೆಡುತೋಪು ಇವೆರಡರ ನಡುವೆ: ಹತ್ತು ಹನ್ನೆರಡು ವರ್ಷಗಳಲ್ಲಿ ಮಣ್ಣು ಸ್ವಲ್ಪ ಸಡಿಲಗೊಂಡಿರುತ್ತದೆ, ಆದರೆ ಹಳೆಯ ಕಾಡಿನ ಗುಣ ಮರಳುವುದಿಲ್ಲ. ಗಿಡ ನೆಟ್ಟರೆ ನೀರು ಬಂತೆಂಬ ಘೋಷಣೆಗೂ ನೆಡುತೋಪೆಲ್ಲ ನೀರನ್ನು ಕುಡಿದುಬಿಡುತ್ತದೆಂಬ ಪ್ರತಿಘೋಷಣೆಗೂ ಈ ಅಳತೆಗಳು ಸಮಾನವಾದ ತಿದ್ದುಪಡಿ. ಶರಾವತಿಯ ಕಣಿವೆಯಲ್ಲಿ ರಾಮಚಂದ್ರರ ತಂಡ ಕಂಡುದೂ ಇದಕ್ಕೆ ಪೂರಕವಾಗಿದೆ: ಜಲಾನಯನದ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಭಾಗ ಸ್ಥಳೀಯ ಸಸ್ಯಗಳಿಂದ ಕೂಡಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಡಮೆಯಾದರೆ ಕೆಲವು ತಿಂಗಳಿಗೇ ನಿಲ್ಲುತ್ತದೆ.

ಹೀಗೆ ಹುಡುಕುತ್ತ ಹೋದವರಿಗೆ ಅನಿರೀಕ್ಷಿತ ಲಾಭಗಳೂ ದೊರೆತುವು. ಹೊನ್ನಾವರದಿಂದ ಘಟ್ಟವೇರಿದರೆ ಸಿಗುವ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಲ್ಲಿ, ಸದಾ ನೀರು ನಿಂತ ನೆಲದಿಂದ ಮರಗಳ ಬೇರುಗಳು ಮೊಣಕಾಲಿನಂತೆ ಮೇಲೆದ್ದು ಉಸಿರಾಡುವ ಆ ಪ್ರಾಚೀನ ತಾಣದಲ್ಲಿ, ಪ್ರಪಂಚದ ಬೇರೆಲ್ಲಿಯೂ ಕಂಡಿರದ ಒಂದು ವೃಕ್ಷವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಎಂಬವರು 2000ದಲ್ಲಿ ವರ್ಣಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಬಲಿತ ಮರಗಳು ನೂರಕ್ಕಿಂತ ಕಡಮೆಯಿದ್ದ ಈ ಜಾತಿಯ ಹೂವು, ಕಾಯಿ, ಮೊಳಕೆಗಳ ರೀತಿಯನ್ನು ಶಿರಸಿಯ ಅರಣ್ಯ ಮಹಾವಿದ್ಯಾಲಯದ ಆರ್. ವಾಸುದೇವ ಮತ್ತು ಸಂಗಡಿಗರು ಅಭ್ಯಸಿಸಿದುದರಿಂದಲೇ ಅದರ ಸಸಿಗಳನ್ನು ಬೆಳೆಸಿ ನೆಡುವ ಕೆಲಸ ಸಾಧ್ಯವಾಯಿತು. ಹೊನ್ನಾವರದ ಕರಿಕಾನಮ್ಮನ ಗುಡ್ಡದಲ್ಲಿಯಾದರೋ ಇಂಥದೇ ಪುರಾತನ ಮರಗಳನ್ನು ವಿಜ್ಞಾನಕ್ಕೆ ಮುಂಚೆ ಭಕ್ತಿ ಕಾಪಾಡಿತ್ತು.

ಸಿಂಗಳೀಕದ ಎಣಿಕೆ ಇನ್ನೂ ಸ್ವಾರಸ್ಯವಾದುದು. ಸಿಂಹದ ಬಾಲದ ಈ ಕಪ್ಪು ಕೋತಿ ಶರಾವತಿಯ ಉತ್ತರಕ್ಕೆ ಇಷ್ಟೊಂದು ಸಂಖ್ಯೆಯಲ್ಲಿರುವುದನ್ನು ಹೊರಗಿನ ಪ್ರಪಂಚ ಬಹುಕಾಲ ಅರಿತಿರಲಿಲ್ಲ. ಎಚ್. ಎನ್. ಕುಮಾರ, ಮೇವಾ ಸಿಂಗ್ ಮತ್ತು ಅವರ ಜೊತೆಗಾರರು ಶಿರಸಿ ಹೊನ್ನಾವರದ ಕಾಡುಗಳನ್ನು ಕಾಲ್ನಡೆಯಲ್ಲಿ ಜಾಲಾಡಿ, 32 ಗುಂಪುಗಳಲ್ಲಿ ಆರುನೂರಕ್ಕೂ ಮಿಗಿಲಾದ ಸಿಂಗಳೀಕಗಳನ್ನು ಲೆಕ್ಕ ಹಾಕಿದರು. ಆ ಎಣಿಕೆಯ ಆಧಾರದ ಮೇಲೆ 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿತವಾಯಿತು; 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿ 930 ಚದರ ಕಿಲೋಮೀಟರಾಯಿತು. ಅದೇ ಅಭಯಾರಣ್ಯದ ಅಡಿಯಲ್ಲಿ ಸುರಂಗ ಕೊರೆದು, ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ ಮತ್ತೆ ಇಳಿಸುವ 2,000 ಮೆಗಾವಾಟಿನ ಯೋಜನೆಯ ಚರ್ಚೆ ಈಗ ನಡೆದಿರುವುದನ್ನು ಓದುಗರು ಬಲ್ಲರು. ಆ ಚರ್ಚೆಯಲ್ಲಿ ಕಡಿಯಬೇಕಾದ ಮರಗಳ ಸಂಖ್ಯೆ ಪದೇ ಪದೇ ಕೇಳಿಬರುತ್ತದೆ. ಹೊನ್ನಾವರದ ಅಳಿವೆಗೆ ಯಾವ ತಿಂಗಳು ಎಷ್ಟು ನೀರು ಇಳಿಯುವುದೆಂಬ ಪ್ರಶ್ನೆ ಅಷ್ಟಾಗಿ ಕೇಳಿಸದು. 1964ರ ಅನುಭವವಿರುವ ನದಿಯಲ್ಲಿ ಇದೇ ಮೊದಲನೆಯ ಪ್ರಶ್ನೆಯಾಗಬೇಕಿತ್ತು.

ಹೊನ್ನಾವರದ ದಕ್ಷಿಣಕ್ಕಿರುವ ಭಟ್ಕಳವನ್ನು ಇಲ್ಲಿಯವರೆಗೆ ಮುಟ್ಟದಿದ್ದುದಕ್ಕೆ ಕಾರಣ, ಅಲ್ಲಿ ಅಂಥ ದೊಡ್ಡ ಅಳಿವೆಯಿಲ್ಲ. ವೆಂಕಟಾಪುರದ ಹೊಳೆ, ಶರಾಬಿ ಹೊಳೆಗಳು ಕಿರಿದಾದುವು, ಘಟ್ಟವು ಕಡಲಿಗೆ ತೀರ ಒತ್ತಿ ನಿಂತಿದೆ. ಆದರೆ ಘಟ್ಟ ಒತ್ತಿ ನಿಂತಲ್ಲಿ ಮೇಲಿನ ಮಣ್ಣಿನ ಅವಸ್ಥೆ ಕೆಳಗಿನವರ ಪ್ರಾಣದ ಪ್ರಶ್ನೆಯಾಗುತ್ತದೆ. 2022ರ ಆಗಸ್ಟ್ 2ರಂದು ಒಂದೇ ದಿನದ ಅವಧಿಯಲ್ಲಿ ಐನೂರು ಮಿಲಿಮೀಟರಿಗೂ ಮೀರಿ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಕೆಂಪುಕಲ್ಲಿನ ಗಟ್ಟಿಯಾದ ಟೊಪ್ಪಿಗೆಯ ಕೆಳಗೆ, ನೀರು ಕುಡಿದರೆ ಬಲಗುಂದುವ ಶೇಡಿ ಮಣ್ಣಿನ ಪದರವಿರುವುದು ನಮ್ಮ ಕರಾವಳಿಯ ಗುಡ್ಡಗಳ ಸಾಮಾನ್ಯ ರಚನೆ. ಮನೆಗೋ ರಸ್ತೆಗೋ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಾಗ ಆ ಪದರವು ಬಯಲಿಗೆ ಬೀಳುತ್ತದೆ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ ಈ ಪಾಠವನ್ನು ಇನ್ನಷ್ಟು ಕ್ರೂರವಾಗಿ ಕಲಿಸಿತು. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಕುಸಿಯಬಹುದಾದ ಜಾಗಗಳನ್ನು ಗುರುತಿಸಿದೆ. ಆ ನಕಾಶೆ ಮನೆಕಟ್ಟುವ ಪರವಾನಿಗೆ ಕೊಡುವ ಪಂಚಾಯತಿಯ ಮೇಜಿನ ಮೇಲೆ ಬಿಚ್ಚಿಕೊಂಡಿರುವುದು ಅವಶ್ಯ. ಭಟ್ಕಳಕ್ಕೆ ಕಡಲಿನಲ್ಲಿ ಒಂದು ನಿಧಿಯೂ ಇದೆ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪ. ಕರ್ನಾಟಕದ ಕಡಲಿನಲ್ಲಿ ಹವಳದ ಜೀವಸಮೂಹವನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ನೌಕಾಪಡೆ ಅದನ್ನು ಗುಂಡಿನ ಗುರಿಯಾಗಿ ಬಳಸಿದುದುಂಟು.

ಎಲ್ಲವನ್ನೂ ರೂಪಾಯಿಯಲ್ಲಿಯೋ ಸಂಖ್ಯೆಯಲ್ಲಿಯೋ ಹೇಳಿದರೆ ಮಾತ್ರ ಕೇಳುವ ಆಡಳಿತಕ್ಕೆ ನಾವು ಸೋತು ಶರಣಾಗಿದ್ದೇವೆಯೆ ಎಂಬ ಆಕ್ಷೇಪವನ್ನು ನಾನು ಬಲ್ಲೆ, ಅದರಲ್ಲಿ ಸತ್ಯಾಂಶವೂ ಇದೆ. ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ಹೇಳಿದಾಗ, ಅಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆಂಬುದನ್ನು ಪುರಾವೆ ಸಹಿತ ತೋರಿಸಬೇಕಾಯಿತು. ಆ ಮೀನುಗಾರರ ಮನೆಗಳಿವೆಯೆಂಬುದಷ್ಟೇ ಸಾಕಾಗಲಿಲ್ಲ. ಅದೇ ಕಾಸರಕೋಡಿನ ಕಡಲ ತೀರಕ್ಕೆ 2020ರಲ್ಲಿ ನೀರಿನ ಶುದ್ಧಿಯನ್ನು ಅಳೆದು ಕೊಡುವ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ಬಂದುದು ನೋಡತಕ್ಕ ಸಂಗತಿ. ಆದರೂ ಅಳತೆಯನ್ನು ತ್ಯಜಿಸುವುದು ಇದಕ್ಕೆ ಪರಿಹಾರವಲ್ಲ. ಅಳತೆ ಇಲ್ಲದ ಶರಾವತಿಯಲ್ಲಿ ಏನಾಯಿತೆಂದು ನೋಡಿದ್ದೇವೆ. ಕೊರತೆಯಿರುವುದು ಅಳತೆಯ ಕಾಲದಲ್ಲಿ. ಯೋಜನೆ ನಿಶ್ಚಯವಾದ ಮೇಲೆ ಅವಸರವಸರವಾಗಿ ಬರೆಸಿದ ವರದಿ ಸಮರ್ಥನೆಯಾಗುತ್ತದೆ, ಯೋಜನೆ ಮುಗಿದು ದಶಕಗಳ ಮೇಲೆ ಬರೆದುದು ಮರಣೋತ್ತರ ಪರೀಕ್ಷೆಯಾಗುತ್ತದೆ.

2024ರ ಜನವರಿ 31ರಂದು ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು ಪ್ರದೇಶವು ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ವಾರ್ತೆ ಪ್ರಕಟವಾಯಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಗದಗದ ಮಾಗಡಿ ಕೆರೆಯೂ ಅದರ ಜೊತೆಗೆ ಸೇರಿದುವು. 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಈ ಒಪ್ಪಂದವು, ಪಟ್ಟಿಯಲ್ಲಿನ ಜೌಗುಭೂಮಿಯ ಸ್ವರೂಪ ಮಾರ್ಪಟ್ಟರೆ ಅಥವಾ ಮಾರ್ಪಡುವ ಸಂಭವವಿದ್ದರೆ ಅದನ್ನು ವಿಳಂಬವಿಲ್ಲದೆ ತಿಳಿಸಬೇಕೆಂದು ಸದಸ್ಯ ರಾಷ್ಟ್ರಗಳನ್ನು ಕಟ್ಟುಪಾಡಿಗೆ ಒಳಪಡಿಸಿದೆ. ಮಾರ್ಪಾಡನ್ನು ತಿಳಿಸಬೇಕಾದರೆ ಮಾರ್ಪಡುವ ಮೊದಲು ಹೇಗಿತ್ತೆಂಬುದರ ನಿರಂತರವಾದ ದಾಖಲೆ ಬೇಕು. ತದಡಿ, ಮಿರ್ಜಾನ, ದಿವಗಿ, ಈ ಮೂರು ಕಡೆ, ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರದಲ್ಲಿ, ಮಳೆಗಾಲವನ್ನೂ ಬಿಡದೆ, ನೀರಿನ ಲವಣವನ್ನು ಅಳೆದು ಬರೆದಿಡಲು ಬೇಕಾಗುವ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು, ಅದನ್ನು ನೋಡಲು ಬೇಕಾಗುವ ವಿದ್ಯೆ ಪದವಿ ತರಗತಿಯ ವಿದ್ಯಾರ್ಥಿಗೆ ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಊರುಗಳಲ್ಲಿ ಕಾಲೇಜುಗಳಿವೆ. ಅಘನಾಶಿನಿಯ ಜೊತೆಗೆ ಶರಾವತಿಯನ್ನೂ ವೆಂಕಟಾಪುರದ ಹೊಳೆಯನ್ನೂ ಅದೇ ಪಟ್ಟಿಗೆ ಸೇರಿಸಿಕೊಂಡು ಅವು ಬರುವ ಮಳೆಗಾಲದಿಂದಲೇ ಈ ಬರವಣಿಗೆಯನ್ನು ಆರಂಭಿಸುವುದಾದರೆ, ಮುಂದಿನ ಯೋಜನೆಯ ಕಡತ ಬಂದಾಗ ಅದರ ಎದುರಿಗೆ ಇಡುವುದಕ್ಕೆ ಹತ್ತು ವರ್ಷಗಳ ಉಪ್ಪಿನ ಲೆಕ್ಕ ಸಿದ್ಧವಿರುತ್ತದೆ.